ತಂಗಡಗಿಯ ನದೀತೀರ ಮತ್ತು ಇಂದಿನ ಕಾಣದ ಗಡಿ

ಕೃಷ್ಣಾ ನದಿಯ ದಂಡೆಯಲ್ಲಿರುವ ತಂಗಡಗಿಯ ಹೆಸರು 'ರಕ್ಕಸತಂಗಡಿ ಯುದ್ಧ' ಎಂಬ ಮಾತಿನಲ್ಲಿ ನಾಡಿನ ನೆನಪಿಗೆ ಸೇರಿಹೋಗಿದೆ. 1565ರ ಜನವರಿಯ ಆ ಯುದ್ಧವನ್ನು ಸೈನ್ಯಬಲದ ಸೋಲುಗೆಲವೆಂದಷ್ಟೇ ನೋಡುವುದು ವಾಡಿಕೆ. ಆದರೆ ಶತ್ರುವು ಆಕ್ರಮಣಕ್ಕೇ ಮುಂದಾಗದಂತೆ ತಡೆಯುವ ನೀತಿಯೊಂದು ಹೇಗೆ ಮುರಿದುಬಿದ್ದಿತೆಂಬುದನ್ನೂ ಅಲ್ಲಿ ಕಾಣಬಹುದು.

ಅಳಿಯ ರಾಮರಾಯನು ದಖ್ಖನಿನ ಸುಲ್ತಾನರಲ್ಲಿ ಒಮ್ಮೆ ಒಬ್ಬನಿಗೆ, ಮತ್ತೊಮ್ಮೆ ಇನ್ನೊಬ್ಬನಿಗೆ ನೆರವಾಗುತ್ತ ಅವರು ಒಂದಾಗದಂತೆ ನೋಡಿಕೊಂಡಿದ್ದನು. ಆದರೆ ಅವನ ಬಲದ ಭಯವೇ ಕೊನೆಗೆ ಅವರನ್ನು ಕೂಡಿಸಿತು. ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿಯನ್ನು ವಿಜಾಪುರದ ಅಲಿ ಆದಿಲಶಾಹನು ವರಿಸಲು ಹಳೆಯ ವೈರಿಗಳು ಬಂಧುಗಳಾದರು. ಗೋಲ್ಕೊಂಡ, ಬೀದರಗಳೂ ಜೊತೆಗೂಡಿದವು. ಫೆರಿಸ್ತಾನು ಬರೆದಿರುವಂತೆ, ವಿಜಯನಗರದವರು ನದಿಯ ದಾಟುವೆಡೆಯನ್ನು ಭದ್ರಪಡಿಸಿದ್ದರು. ಸುಲ್ತಾನರು ಬೇರೆಡೆ ದಾಟುವವರಂತೆ ದಂಡೆಗುಂಟ ನಡೆದರು. ಕಾವಲು ಪಡೆಯೂ ಎದುರು ದಂಡೆಯಲ್ಲಿ ಅವರನ್ನೇ ಹಿಂಬಾಲಿಸಿತು. ಆಗ ಅವರು ಹಿಂದಿರುಗಿ, ಕಾವಲು ತಪ್ಪಿದ್ದ ಎಡೆಯಲ್ಲಿಯೇ ದಾಟಿದರು.

ಇಂದು ರಾಷ್ಟ್ರದ ಗಡಿಯು ಗಣಕಯಂತ್ರಗಳ ಜಾಲದಲ್ಲಿಯೂ ಇದೆ. 2007ರಲ್ಲಿ ಎಸ್ಟೋನಿಯಾ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರಿ ಕಚೇರಿಗಳ ಜಾಲತಾಣಗಳು ಸೈಬರ್ ದಾಳಿಗೆ ಸಿಕ್ಕಿ ತತ್ತರಿಸಿದವು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳು ಕೆಟ್ಟು, ರೋಗಿಗಳ ನೋಂದಣಿಯು ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು.

ಇಂಥ ದಾಳಿಯನ್ನು ತಡೆಯಲು ಮೂರು ಮಾರ್ಗಗಳುಂಟು. ಮೊದಲನೆಯದು ದಂಡನೆಯ ಭಯ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯು ಸೇರಿಸಿದ 66ಎಫ್ ಕಲಮು ಸೈಬರ್ ಭಯೋತ್ಪಾದನೆಗೆ ಜೀವಾವಧಿಯವರೆಗೆ ಶಿಕ್ಷೆ ವಿಧಿಸುತ್ತದೆ. ಆದರೆ ದಾಳಿಕೋರನು ಅನ್ಯರ ಯಂತ್ರಗಳ ಮರೆಯಲ್ಲಿ ನಿಂತಿರುತ್ತಾನೆ. ಗೃಹಸ್ಥನಿಗೆ ಆತ್ಮರಕ್ಷಣೆಯ ವಿರೋಧಿ ಹಿಂಸೆ ಅನಿವಾರ್ಯವಾಗಬಹುದೆಂದು ಶ್ರಾವಕಧರ್ಮವು ಒಪ್ಪಿದರೂ, ಅಪರಾಧಿ ಯಾರೆಂದು ಅರಿಯದೆ ಕೊಟ್ಟ ಪ್ರತಿಯೇಟು ರಕ್ಷಣೆಯೆನಿಸದು. ಅದು ನಿರಪರಾಧಿಯ ಮೇಲೆ ಬೀಳಬಹುದು.

ಎರಡನೆಯದು, ದಾಳಿಯಿಂದ ಶತ್ರುವಿಗೆ ಲಾಭವೇ ದೊರೆಯದಂತೆ ಮಾಡುವುದು. 2004ರಲ್ಲಿ ಆರಂಭವಾದ ಸರ್ಟ್-ಇನ್ ಸಂಸ್ಥೆಯ ಎಚ್ಚರಿಕೆಗಳು, ಪ್ರತ್ಯೇಕವಾಗಿ ಕಾಯ್ದಿಟ್ಟ ದಾಖಲೆಗಳ ಪ್ರತಿಗಳು ಈ ಬಗೆಯವು. ಮೂರನೆಯದು ಪರಸ್ಪರ ಸಂಯಮ. 2015ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ 20 ರಾಷ್ಟ್ರಗಳ ತಜ್ಞರು, ಜನಜೀವನಕ್ಕೆ ಆಧಾರವಾದ ವ್ಯವಸ್ಥೆಗಳಿಗೆ ಯಾವ ರಾಷ್ಟ್ರವೂ ಹಾನಿಯೆಸಗಬಾರದೆಂಬ ನಿಯಮವನ್ನು ಸೂಚಿಸಿದರು. ಅದನ್ನು ಪಾಲಿಸಲು ಬಲವಂತವಿಲ್ಲ. ಮುರಿದವನು ಲೋಕದ ವಿಶ್ವಾಸವನ್ನು ಕಳೆದುಕೊಳ್ಳುವನು.

ಭಯವೊಂದನ್ನೇ ನೆಚ್ಚಿದ ನೀತಿಯು ವೈರಿಗಳನ್ನು ಒಂದುಗೂಡಿಸಿತೆಂಬುದನ್ನೂ, ಒಂದೇ ಕಡೆ ನೆಟ್ಟ ಕಾವಲಿನ ಕಣ್ಣು ಮೋಸಹೋಯಿತೆಂಬುದನ್ನೂ ಕೃಷ್ಣೆಯ ದಂಡೆ ನಮಗೆ ಕಲಿಸಿದೆ. ಆದುದರಿಂದ ಎಲ್ಲ ದಾಟುವೆಡೆಗಳ ಕಾವಲು ಮೊದಲು, ಸಂಯಮದ ಒಪ್ಪಂದ ಅದರೊಡನೆ, ಸಾಕ್ಷ್ಯವು ದೃಢಪಟ್ಟ ಮೇಲೆಯೇ ದಂಡನೆ ಎಂಬ ಕ್ರಮವೇ ವಿವೇಕಯುತವಾದುದು.