ಹಿಮ್ಮಡಿಗೆ ಇಳಿದ ರಕ್ತ: ಸೂರಲ್ ಫ್ಲಾಪ್ ಬಂದ ದಾರಿ

ಬೈಕಿನ ಹಿಂದೆ ಕೂತ ಮಗುವಿನ ಕಾಲು ಚಕ್ರದ ಕಡ್ಡಿಗೆ ಸಿಕ್ಕರೆ ಹಿಮ್ಮಡಿಯ ಹಿಂಬದಿಯ ಚರ್ಮ ಕಿತ್ತುಬರುತ್ತದೆ. ಅಲ್ಲಿ ಚರ್ಮದಡಿ ಮಾಂಸದ ಹಾಸಿಲ್ಲ. ಬೆಳ್ಳಗಿನ ಅಕಿಲಿಸ್ ಸ್ನಾಯುರಜ್ಜು ನೇರವಾಗಿ ಕಣ್ಣಿಗೆ ಬೀಳುತ್ತದೆ. ತೊಡೆಯಿಂದ ತೆಳ್ಳಗೆ ಹೆರೆದ ಚರ್ಮದ ಕಸಿ ಇಲ್ಲಿ ಹಿಡಿಯುವುದು ಕಷ್ಟ. ಕಸಿ ಬದುಕಬೇಕಾದರೆ ತಳದಿಂದ ಪೋಷಣೆ ಬರಬೇಕು. ಪೊರೆ ಕಳೆದುಕೊಂಡ ರಜ್ಜು ಅದನ್ನು ಕೊಡಲಾರದು. ಇಂಥ ಗಾಯಕ್ಕೆ ತನ್ನ ರಕ್ತನಾಳವನ್ನು ತಾನೇ ತರುವ ಚರ್ಮ, ಅಂದರೆ ಫ್ಲಾಪ್, ಬೇಕು.

ಫ್ಲಾಪ್ ನಮಗೆ ಹೊಸದಲ್ಲ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ ಬಂಡಿ ಹೊಡೆಯುವ ಕೋವಾಸ್‌ಜಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಮುಖದಲ್ಲಿ ರಕ್ತ ಧಾರಾಳ, ಕಾಲಿನಲ್ಲಿ ಹಾಗಲ್ಲ. 1854ರಲ್ಲಿ ಅಮೆರಿಕದ ಫ್ರಾಂಕ್ ಹ್ಯಾಮಿಲ್ಟನ್ ಒಳ್ಳೆಯ ಕಾಲಿನ ಚರ್ಮವನ್ನು ಗಾಯದ ಕಾಲಿಗೆ ಹೊಲಿಯುವ ವಿಧಾನ ತಿಳಿಸಿದರು. ಹೊಸ ರಕ್ತನಾಳ ಕೂಡಿಕೊಳ್ಳುವವರೆಗೆ, ವಾರಗಟ್ಟಲೆ, ರೋಗಿ ಎರಡೂ ಕಾಲು ಕಟ್ಟಿಸಿಕೊಂಡು ಮಲಗಿರಬೇಕು. ಈ ಶಿಕ್ಷೆ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ನನ್ನನ್ನು ಹೆಚ್ಚು ಕಾಡುವುದು ಈ ಶತಮಾನವೇ. ಚರ್ಮಕ್ಕೆ ರಕ್ತ ಎಲ್ಲಿಂದ ಬರುತ್ತದೆ ಎಂಬ ನಕ್ಷೆಯನ್ನು ಸ್ಟ್ರಾಸ್‌ಬರ್ಗಿನ ಕಾರ್ಲ್ ಮಾನ್ಶೋ 1889ರಲ್ಲೇ ಪ್ರಕಟಿಸಿದ್ದರು. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಎಲ್ಲವನ್ನೂ ಶವ ಕೊಯ್ದೇ ನೋಡಿದ್ದು. 1936ರಲ್ಲಿ ಫ್ರಾನ್ಸಿನ ಮಿಷೆಲ್ ಸಾಲ್ಮೊ ಎಕ್ಸ್‌ರೇ ಬಳಸಿ ಅದನ್ನು ಇನ್ನಷ್ಟು ತುಂಬಿದರು. ಮಾನ್ಶೋ ಪುಸ್ತಕ ಇಂಗ್ಲಿಷಿಗೆ ಬಂದದ್ದು 1983ರಲ್ಲಿ. ಶಸ್ತ್ರವೈದ್ಯರ ಕೈಗೆ ಧೈರ್ಯ ಕಡಿಮೆಯಿರಲಿಲ್ಲ. ಅವರ ಮೇಜಿನ ಮೇಲೆ ಆ ನಕ್ಷೆ ಇರಲಿಲ್ಲ.

1973ರಲ್ಲಿ ಡೇನಿಯಲ್ ಮತ್ತು ಟೇಲರ್ ತೊಡೆಸಂದಿನ ಚರ್ಮವನ್ನು ಪೂರ್ತಿ ಬಿಡಿಸಿ, ಸೂಕ್ಷ್ಮದರ್ಶಕದಡಿ ನಾಳ ಜೋಡಿಸಿ, ಕಾಲಿಗೆ ಕೂರಿಸಿದ್ದನ್ನು ವರದಿ ಮಾಡಿದರು. ದೊಡ್ಡ ಸಾಧನೆ, ದೊಡ್ಡ ಆಸ್ಪತ್ರೆಗಷ್ಟೇ ಎಟುಕುವಂಥದ್ದು. 1981ರಲ್ಲಿ ಸ್ವೀಡನ್ನಿನ ಪೊಂಟೆನ್ ಚರ್ಮದ ಜೊತೆ ಅದರಡಿಯ ಗಟ್ಟಿ ಪೊರೆಯನ್ನೂ ಎತ್ತಿದರೆ ಉದ್ದನೆಯ ಫ್ಲಾಪ್ ಬದುಕುತ್ತದೆಂದು ಕಾಲಿನ 23 ಫ್ಲಾಪ್‌ಗಳಿಂದ ತೋರಿಸಿದರು. ಎರಡು ವರ್ಷಕ್ಕೆ ಡಾನ್‌ಸ್ಕಿ ಮತ್ತು ಫೋಗ್ಡೆಸ್ಟಾಮ್ ಅಂಥ ಫ್ಲಾಪನ್ನು ಕೆಳಮುಖವಾಗಿ ತಿರುಗಿಸಿದರು. ಅದು ಯಾಕೆ ಬದುಕುತ್ತದೆ ಎಂಬುದಕ್ಕೆ 1992ರಲ್ಲಿ ಮಾಸ್ಕೆಲೆ ಮತ್ತು ಸಂಗಡಿಗರು ಸ್ಪಷ್ಟ ಉತ್ತರ ಕೊಟ್ಟರು: ಮೀನಖಂಡದಲ್ಲಿ ಇಳಿಯುವ ಸೂರಲ್ ನರದ ಜೊತೆಯಲ್ಲೇ ಸಣ್ಣ ಧಮನಿಗಳ ಸರಪಳಿಯಿದೆ, ಅದು ಕೆಳಗೆ ಪೆರೋನಿಯಲ್ ಧಮನಿಯ ಕವಲುಗಳನ್ನು ಕೂಡುತ್ತದೆ. ಮೇಲಿನ ತುದಿ ಕತ್ತರಿಸಿದರೂ ರಕ್ತ ಕೆಳಗಿನಿಂದ ಹಿಮ್ಮುಖವಾಗಿ ಹತ್ತುತ್ತದೆ. ಹೊರಹರಡಿಗಿಂತ ಸುಮಾರು 5 ಸೆಂಟಿಮೀಟರ್ ಮೇಲೆ ಬುಡ ಉಳಿಸಿಕೊಂಡು ಮೀನಖಂಡದ ಚರ್ಮವನ್ನು ಹಿಮ್ಮಡಿಗೆ ತಿರುಗಿಸಬಹುದು. ಸೂಕ್ಷ್ಮದರ್ಶಕ ಬೇಡ, ಕಾಲಿನ ಮುಖ್ಯ ಧಮನಿಯೊಂದನ್ನೂ ಬಲಿಕೊಡಬೇಕಿಲ್ಲ.

ಬೆಲೆ ಇದೆ. ನರ ಕತ್ತರಿಸುವುದರಿಂದ ಪಾದದ ಹೊರ ಅಂಚು ಮರಗಟ್ಟುತ್ತದೆ. ಧಮನಿಯ ರಕ್ತ ದಿಕ್ಕು ಬದಲಿಸಿದಷ್ಟು ಸುಲಭವಾಗಿ ಅಭಿಧಮನಿಯದು ಬದಲಾಗದು, ಅದರೊಳಗೆ ಕವಾಟಗಳಿವೆ. ಒಳಬಂದ ರಕ್ತ ಹೊರಹೋಗದೆ ಫ್ಲಾಪ್ ನೇರಳೆಗೆ ತಿರುಗಬಹುದು. ಅದಕ್ಕೇ ಮೊದಲ ರಾತ್ರಿಗಳಲ್ಲಿ ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲು ಎತ್ತಿಟ್ಟು, ನರ್ಸ್ ಆಗಾಗ ಬಂದು ಫ್ಲಾಪನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಬಿಳಿಚಿದ ಜಾಗಕ್ಕೆ ಬಣ್ಣ ತೀರಾ ಬೇಗ ಮರಳಿದರೆ ಆಗಲೇ ವೈದ್ಯರನ್ನು ಎಬ್ಬಿಸುತ್ತಾರೆ.