ಮನೆಯ ಸೂಜಿ



ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹುಟ್ಟಿ, ಟಿಪ್ಪು ಸುಲ್ತಾನನಿಂದ ಅಮೃತಮಹಲೆಂಬ ಹೆಸರನ್ನು ಪಡೆದ ಸರ್ಕಾರದ ದನಗಳಿಗೆಂದು ಮೀಸಲಾಗಿದ್ದ ಕಾವಲುಗಳಲ್ಲಿ ಅದೂ ಒಂದು. ದಂಡಿನ ಫಿರಂಗಿಗಳನ್ನೆಳೆದ ಆ ತಳಿಯ ಎತ್ತುಗಳ ವಿಚಾರವಾಗಿ ದಫ್ತರಗಳಲ್ಲಿ ಬೇಕಾದಷ್ಟು ಬರೆಹ ಸಿಕ್ಕುತ್ತದೆ. ಆದರೆ ಆ ಬಯಲಿನಲ್ಲಿ ದನ ಕಾದವನು ಮೈಮೇಲೆ ಏನು ಹೊದೆದಿದ್ದನು, ಅವನ ಕೂಸಿನ ಅಂಗಿಯನ್ನು ಹೊಲಿದವರು ಯಾರು ಎಂದು ಕೇಳಿದರೆ ದಫ್ತರವು ಮೌನವಾಗುತ್ತದೆ. ಈ ಮೌನಕ್ಕೆ ಕಾರಣವೇನೆಂಬುದೇ ಈ ಹೊತ್ತಿನ ವಿಷಯ.

ಮಣ್ಣನ್ನು ಅಗೆದು ಕೇಳೋಣವೆಂದರೆ ಅದೂ ಹೆಚ್ಚು ಹೇಳಲಾರದು. ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ರೈಸ್ ಸಾಹೇಬರು ಅಶೋಕನ ಶಾಸನವನ್ನು ಕಂಡುಹಿಡಿದರು. 1947ರಲ್ಲಿ ವೀಲರ್ ಸಾಹೇಬರು ಅಲ್ಲಿಯೇ ಅಗೆಸಿ, ಕಲ್ಲುಕೊಡಲಿಯವರ ಕಾಲದಿಂದ ಮೊದಲುಗೊಂಡು ಪದರಪದರವಾಗಿ ಜನಜೀವನವನ್ನು ತೋರಿಸಿದರು. ಮಡಕೆ ಉಳಿಯಿತು, ಕಬ್ಬಿಣ ಉಳಿಯಿತು. ಬಟ್ಟೆಯಾದರೋ ನಮ್ಮ ಮಣ್ಣಿನಲ್ಲಿ ಉಳಿಯುವ ವಸ್ತುವಲ್ಲ. ದಾರವು ಅದಕ್ಕಿಂತಲೂ ಅಲ್ಪಾಯುಷಿ.

ಆದಕಾರಣ ಉಡುಪಿನ ಆಕಾರವನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ. ಈ ಸೀಮೆಯ ಮುಖ್ಯವಾದ ಹೊದಿಕೆ ಕಂಬಳಿ. ಕರಿಯ ಕುರಿಯ ಉಣ್ಣೆಯನ್ನು ಹೆಂಗಸರು ನೂಲುವರು. ಗಂಡಸರು ಕುಣಿಮಗ್ಗದಲ್ಲಿ ನೆಯ್ಯುವರು. ಹುಣಿಸೆಬೀಜದ ಗಂಜಿಯನ್ನು ಬಳಿದು ಬಿಗಿಮಾಡುವರು. ಮಳೆ ಬಂದರೆ ಕುರುಬನು ಅದನ್ನೇ ಮಡಿಸಿ, ಮೂಲೆಯನ್ನು ನೆತ್ತಿಯಮೇಲೆ ನಿಲ್ಲಿಸಿ ಕೊಪ್ಪೆ ಹಾಕಿಕೊಳ್ಳುವನು. ಕತ್ತರಿಯೂ ಬೇಡ, ಸೂಜಿಯೂ ಬೇಡ. ತಲೆ, ಬೆನ್ನು ಎರಡೂ ಮುಚ್ಚುತ್ತವೆ. ಇನ್ನು ನಮ್ಮ ಅಜ್ಜಿಯಂದಿರು ಹಸುಗೂಸಿಗೆ ಹೊಲಿಯುತ್ತಿದ್ದ ಕುಂಚಿಗೆಯನ್ನು ನೆನೆಯಿರಿ. ಒಂದು ತುಂಡು ಬಟ್ಟೆಯನ್ನು ಎರಡಾಗಿ ಮಡಿಸಿ, ಒಂದು ಅಂಚನ್ನು ಮಾತ್ರ ಹೊಲಿದರೆ ತಲೆಗೆ ಗೂಡಾಯಿತು. ಮಿಕ್ಕದ್ದು ಬೆನ್ನಿನಮೇಲೆ ಇಳಿಯಿತು. ಕೊಪ್ಪೆಯೂ ಕುಂಚಿಗೆಯೂ ಒಂದೇ ಆಕಾರ. ದೊಡ್ಡವನಾದರೆ ಹೊದಿಕೆ ಜಾರದಂತೆ ಕೈಯಲ್ಲಿ ಹಿಡಿದುಕೊಳ್ಳಬಲ್ಲನು, ಕೂಸು ಹಿಡಿಯಲಾರದು. ಹಿಡಿಯಲಾರದ ಕೈಗೆ ಬದಲಾಗಿ ಬಂದದ್ದೇ ಆ ಒಂದು ಸಾಲು ಹೊಲಿಗೆ. ಹೊಲಿದ ಉಡುಪು ಅರಮನೆಯಿಂದ ಬೀದಿಗೆ ಇಳಿಯಿತೆಂದು ಹೇಳುವವರುಂಟು. ತೊಟ್ಟಿಲಿನಿಂದ ಎದ್ದ ಹೊಲಿಗೆಯೂ ಉಂಟೆಂದು ನನ್ನ ಅಭಿಪ್ರಾಯ.

1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚಾರಮಾಡಿದ ಬುಕನನ್ ಎಂಬ ವೈದ್ಯನ ಹೆಸರನ್ನು ತಾವು ಕೇಳಿರುವಿರಿ. ಅವನು ಕೆಲವು ವರ್ಷಗಳ ತರುವಾಯ ಬಿಹಾರ ಪ್ರಾಂತದ ಸಮೀಕ್ಷೆಮಾಡುತ್ತ, ಮುಸಲ್ಮಾನರು ಬರುವುದಕ್ಕೆ ಮುಂಚೆ ಹಿಂದೂಗಳಿಗೆ ಸೂಜಿಯೇ ತಿಳಿದಿರಲಿಲ್ಲವೆಂದೂ, ಹೊಲಿಗೆಗೆ ತಕ್ಕ ಮಾತೇ ಹಿಂದಿಯಲ್ಲಿ ತನಗೆ ಸಿಕ್ಕಲಿಲ್ಲವೆಂದೂ ಬರೆದುಬಿಟ್ಟನು. ಸೂಕ್ಷ್ಮದೃಷ್ಟಿಯುಳ್ಳ ಮನುಷ್ಯನೇ ಅವನು. ಆದರೆ ಈ ಮಾತು ನಿಲ್ಲುವಂಥದಲ್ಲ. ಋಗ್ವೇದದ ಎರಡನೆಯ ಮಂಡಲದಲ್ಲಿಯೇ ರಾಕಾ ಎಂಬ ದೇವತೆಯನ್ನು ಮುರಿಯದ ಸೂಜಿಯಿಂದ ಹೊಲಿಯೆಂದು ಪ್ರಾರ್ಥಿಸಿದೆ. ಆಕೆ ಸಂತಾನವನ್ನು ಕೊಡುವ ದೇವತೆಯೆಂಬುದನ್ನು ಗಮನಿಸಬೇಕು. ಕನ್ನಡದ ಮಟ್ಟಿಗಂತೂ ವಾದವೇ ಬೇಡ. 'ಹೊಲಿ' ಎಂಬುದು ಸಂಸ್ಕೃತದಿಂದಾಗಲಿ ಪಾರಸಿಯಿಂದಾಗಲಿ ಬಂದ ಮಾತಲ್ಲ. ಹಳಗನ್ನಡದ 'ಪೊಲಿ' ಅದು, ತಮಿಳಿನಲ್ಲಿಯೂ ಅದಕ್ಕೆ ಬಂಧುವುಂಟು. ಸೂಜಿ, ಕತ್ತರಿ, ಕುಪ್ಪಸಗಳು ಸಂಸ್ಕೃತದ ಮಾತುಗಳಿಂದಾದ ತದ್ಭವಗಳು. ದರ್ಜಿಯನ್ನು ಪಾರಸಿಯಿಂದ ಪಡೆದೆವು. ಗುಂಡಿಯ ಕಾಜವು ಪೋರ್ಚುಗೀಸರಿಂದ ಬಂದದ್ದು. ಅವರ ಭಾಷೆಯಲ್ಲಿ ಅದಕ್ಕೆ ಮನೆಯೆಂದರ್ಥ, ಗುಂಡಿ ಸೇರುವ ಮನೆ! ಕಸಬುದಾರನ ಹೆಸರು, ಗುಂಡಿಯ ಕಾಜ ಇವೆಲ್ಲ ಹೊರಗಿನಿಂದ ಬಂದಿರಬಹುದು. ಹೊಲಿಯುವ ಕ್ರಿಯೆಯ ಹೆಸರು ಮಾತ್ರ ಮೊದಲಿನಿಂದಲೂ ಮನೆಯೊಳಗೇ ಇತ್ತು.

ಹಾಗಾದರೆ ಬುಕನನ್ನನಂಥವನ ಕಣ್ಣಿಗೇ ಅದು ಬೀಳಲಿಲ್ಲವೇಕೆ? ಪೇಟೆಯಲ್ಲಿ ಕುಳಿತ ಚಿಪ್ಪಿಗನಿಗೆ ಕೂಲಿಯುಂಟು. ಕೂಲಿಯಿದ್ದಲ್ಲಿ ತೆರಿಗೆಯುಂಟು, ತೆರಿಗೆಯಿದ್ದಲ್ಲಿ ಬರೆಹವುಂಟು. ಹಟ್ಟಿಯ ಜಗಲಿಯಲ್ಲಿ ಕುಳಿತು ಮಗನ ಅಂಗಿಗೆ ತೇಪೆಹಾಕಿದ ತಾಯಿಯಿಂದ ಯಾವ ಸುಂಕದವನಿಗೂ ಲಾಭವಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕೈಕೆಲಸಕ್ಕೆ ಕಾಯಕವೆಂಬ ಗೌರವವನ್ನು ಕೊಟ್ಟಾಗ ಸೂಜಿಕಾಯಕದ ರಾಮಿತಂದೆಯ ಹೆಸರು ಉಳಿಯಿತು. ನೂಲುವ ಕದಿರ ರೆಮ್ಮವ್ವೆಯ ಹೆಸರೂ ಉಳಿಯಿತು. ಇದು ಸಾಮಾನ್ಯವಾದ ಮಾತಲ್ಲ. ಆದರೂ ಸೂಜಿಯೊಂದಿಗೆ ಉಳಿದದ್ದು ಗಂಡಸಿನ ಹೆಸರು. ಈಚಿನ ಖಾನೇಷುಮಾರಿಗಳ ಕಸಬಿನ ಪಟ್ಟಿಯಲ್ಲಿಯೂ ದರ್ಜಿಗೆ ಒಂದು ಅಂಕಣ ದೊರೆಯಿತು. ತನ್ನವರಿಗಾಗಿ ಹೊಲಿದವಳು ಕಸಬಿಲ್ಲದವಳೆಂದು ಎಣಿಕೆಯಾದಳು.

ಚಳ್ಳಕೆರೆ, ಮೊಳಕಾಲ್ಮೂರು, ಸಂಡೂರುಗಳ ಕಡೆಯ ಲಂಬಾಣಿ ತಾಂಡಗಳಲ್ಲಿ ಈ ವಿಷಯವು ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಲಂಬಾಣಿಗಳು ಎತ್ತಿನ ಹೇರುಗಳಮೇಲೆ ಉಪ್ಪು, ಧಾನ್ಯಗಳನ್ನು ಸಾಗಿಸಿ ಬದುಕಿದವರು. 1791ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿಹೋದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯವನ್ನೊದಗಿಸಿದವರು ಇವರೇ ಎಂದು ಚರಿತ್ರೆಕಾರರು ಮರೆಯದೆ ಬರೆಯುತ್ತಾರೆ. ಸದಾ ಪಯಣದಲ್ಲಿರುವವರಿಗೆ ಊರ ದರ್ಜಿ ಎಲ್ಲಿಂದ ಬರಬೇಕು? ಹೇರಿನ ಚೀಲದಿಂದ ಹಿಡಿದು ಮೈಮೇಲಿನ ಕಾಂಚಳಿ, ಫೇಟಿಯಾಗಳವರೆಗೆ ಹೆಂಗಸರೇ ಹೊಲಿದುಕೊಂಡರು. ಕನ್ನಡಿಯ ಚೂರು, ಕವಡೆ, ನಾಣ್ಯ ಎಲ್ಲವೂ ಬಟ್ಟೆಯಮೇಲೆ ಏರಿದವು. ತಾಯಿಯ ಪಕ್ಕದಲ್ಲಿ ಕುಳಿತು ಕಲಿತ ಹುಡುಗಿ ತನ್ನ ಮದುವೆಯ ಉಡುಪನ್ನು ತಾನೇ ಹೊಲಿದು ಸಿದ್ಧಮಾಡಿಕೊಳ್ಳುತ್ತಿದ್ದಳು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ಹೇರಿನ ವ್ಯಾಪಾರವನ್ನು ನುಂಗಿತು. ಗಂಡಸರ ಕಸಬು ಹೋಯಿತು, ಹೆಂಗಸರ ಸೂಜಿ ನಿಲ್ಲಲಿಲ್ಲ.

ಅದೇ ಕಾಲಕ್ಕೆ ಹೊಲಿಗೆಯ ಯಂತ್ರವೂ ಬಂತು. ಅಮೆರಿಕದ ಹೋವೆ 1846ರಲ್ಲಿಯೂ ಸಿಂಗರ್ 1851ರಲ್ಲಿಯೂ ಹಕ್ಕುಪತ್ರಗಳನ್ನು ಪಡೆದರು. ಕೈಯಿಂದ 14 ಗಂಟೆ 26 ನಿಮಿಷ ಹಿಡಿಯುವ ಗಂಡಸಿನ ಅಂಗಿಯನ್ನು ಯಂತ್ರವು 1 ಗಂಟೆ 16 ನಿಮಿಷದಲ್ಲಿ ಮುಗಿಸುವುದೆಂದು ವೀಲರ್ ಮತ್ತು ವಿಲ್ಸನ್ ಕಂಪೆನಿಯವರು ಸಾರಿದರು. ವರ್ತಕರ ಲೆಕ್ಕವಾದುದರಿಂದ ಸ್ವಲ್ಪ ಸೋಡಿ ಬಿಟ್ಟು ನಂಬಬೇಕು. ಆದರೂ ವ್ಯತ್ಯಾಸವು ದೊಡ್ಡದೇ. ಕಂತಿನಮೇಲೆ ಮಾರುವ ಉಪಾಯದಿಂದ ಯಂತ್ರವು ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು. ಯಂತ್ರಗಳ ವಿಷಯದಲ್ಲಿ ಅಷ್ಟು ಕಠಿಣರಾಗಿದ್ದ ಗಾಂಧೀಜಿಯವರೂ 1924ರಲ್ಲಿ ಇದೊಂದಕ್ಕೆ ವಿನಾಯಿತಿ ಕೊಟ್ಟರು: ಹೆಂಡತಿ ಕೈಯಿಂದ ಹೊಲಿದು ಬಳಲುವುದನ್ನು ಕಂಡು ಸಿಂಗರನು ಪ್ರೀತಿಯಿಂದ ಇದನ್ನು ಕಲ್ಪಿಸಿದನೆಂದು ಅವರು ಹೇಳಿದರು. ಸಿಂಗರನ ಜೀವನಚರಿತ್ರೆಯನ್ನು ಓದಿದವರಿಗೆ ಇದನ್ನು ಒಪ್ಪುವುದು ಕಷ್ಟ, ಆತನ ಸಂಸಾರಗಳು ಒಂದಲ್ಲ, ಹಲವು, ಲಕ್ಷ್ಯವೆಲ್ಲ ಹಣದಮೇಲೆ. ಆದರೆ ಆ ಹೊಲಿಗೆಯಲ್ಲಿ ಒಂದು ಬಳಲಿಕೆಯಿದೆಯೆಂದು ಸಾರ್ವಜನಿಕವಾಗಿ ಹೇಳಿದ ದೊಡ್ಡವರು ಎಷ್ಟು ಮಂದಿ? ಕಥೆ ಸುಳ್ಳಾದರೂ ಆ ಬಳಲಿಕೆ ಸುಳ್ಳಲ್ಲ.

ಎಣಿಕೆಯ ವಿಚಾರದಲ್ಲಿ ಸರ್ಕಾರವು ಎಚ್ಚೆತ್ತದ್ದು ಬಹಳ ತಡವಾಗಿ. 2019ರಲ್ಲಿ ಮೊಟ್ಟಮೊದಲು ಇಡೀ ಭಾರತದಲ್ಲಿ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆದು, ಕೂಲಿಯಿಲ್ಲದ ಮನೆಗೆಲಸವೂ ಗಂಟೆ ನಿಮಿಷಗಳ ಲೆಕ್ಕಕ್ಕೆ ಬಂತು. ಅಷ್ಟು ಹೊತ್ತಿಗೆ ಸಿದ್ಧ ಉಡುಪು ಹಳ್ಳಿಯ ಸಂತೆಗೂ ಬಂದು, ಮನೆಯಲ್ಲಿ ಮಗುವಿಗೆ ಅಂಗಿ ಹೊಲಿಯುವವರು ವಿರಳರಾಗಿದ್ದರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ತನಗೂ ಮಗಳಿಗೂ ಹೊಲಿಯುತ್ತಿದ್ದ ಕೈ ಈಗ ಗಿರಾಕಿಗೆ ಹೊಲಿದು ಕೂಲಿ ಪಡೆಯುತ್ತಿದೆ. ಇದು ನಷ್ಟವೆಂದು ಮರುಗುವವರೊಡನೆ ನಾನು ಸೇರಲಾರೆ. ಕೂಲಿಯೊಡನೆ ಹೆಸರೂ ಬಂದಿದೆ.

ಉಳ್ಳಾರ್ತಿ ಕಾವಲಿನ ಸ್ಥಿತಿ ಬೇರೆ. 2009ರ ಸುಮಾರಿನಿಂದ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ನೆಲವನ್ನು ವಿಜ್ಞಾನಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ ಒಪ್ಪಿಸಲಾಯಿತು. ಚಂದ್ರನಮೇಲೆ ಇಳಿಯುವ ನೌಕೆಯ ಪರೀಕ್ಷೆಗೆಂದು ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ನೆಲವನ್ನು ಹೋಲುವ ಕುಳಿಗಳನ್ನು ತೋಡಿದರು. 2023ರಲ್ಲಿ ನೌಕೆ ಚಂದ್ರನಮೇಲೆ ಇಳಿದಾಗ ನಾಡೆಲ್ಲ ಹಿಗ್ಗಿತು, ಹಿಗ್ಗಬೇಕಾದದ್ದೇ. ಬೇಲಿ ಬಿದ್ದ ನೆಲದಲ್ಲಿ ಮಾತ್ರ ಸುತ್ತಣ ಹಳ್ಳಿಗಳ ಕುರಿ ಮೇಯುವಂತಿಲ್ಲ. ಮೇವು ಕಡಮೆಯಾದರೆ ಮಂದೆ ಕರಗುತ್ತದೆ. ಮಂದೆ ಕರಗಿದರೆ ನೂಲುವುದಕ್ಕೆ ಉಣ್ಣೆಯಿಲ್ಲ. ನೆಲವನ್ನು ಹಂಚಿದ ಕಾಗದಗಳಲ್ಲಿ ಎಕರೆಗಳ ಲೆಕ್ಕವಿದೆ; ಕಂಬಳಿಯ ಲೆಕ್ಕಕ್ಕೆ ಅಲ್ಲಿ ಅಂಕಣವಿಲ್ಲ.