ಈಸು ಕಲಿಸಿದ ಬಾವಿಗಳು

ನಮ್ಮ ಕಡೆ 'ಈಜು' ಎನ್ನುವುದಿಲ್ಲ, 'ಈಸು' ಎನ್ನುತ್ತೇವೆ. ಮೈಸೂರು ಸೀಮೆಯ ಮಿತ್ರರು ಇದನ್ನು ಕೇಳಿ ನಕ್ಕದ್ದುಂಟು. ಆದರೆ ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದು ಈ ರೂಪದಿಂದಲೇ ಆರಂಭವಾಗುತ್ತದೆ. ತೆಲುಗಿನ 'ಈದು', ತಮಿಳಿನ 'ನೀಂದು' ಇದರ ಒಡಹುಟ್ಟುಗಳು. ಶಬ್ದ ಇಷ್ಟು ಹಳೆಯದಾದ ಮೇಲೆ ವಿದ್ಯೆಯೂ ಹಳೆಯದೇ ಇರಬೇಕು. ಅದನ್ನು ಯಾರು ಯಾರಿಗೆ ಕಲಿಸಿದರೆಂದು ನಮ್ಮ ಕವಿಗಳನ್ನು ಕೇಳಿ ಪ್ರಯೋಜನವಿಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವೂ ಅರಸರ ವಿನೋದಗಳಲ್ಲಿ ಅದಕ್ಕೆ ಸ್ಥಾನ ಕೊಟ್ಟಿದೆ. ರನ್ನನ 'ಗದಾಯುದ್ಧ'ದ ದುರ್ಯೋಧನನಂತೂ ಮಂತ್ರಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗಿ ಕುಳಿತ. ರನ್ನನ ಮುಧೋಳ ಘಟಪ್ರಭೆಯ ಸೀಮೆಯ ಊರು. ಕವಿಗೆ ಈಸು ಬರುತ್ತಿತ್ತೇ ಎಂದು ವಿದ್ಯಾರ್ಥಿಯೊಬ್ಬ ಒಮ್ಮೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳು ನೀರಿನ ನೆರೆಹೊರೆಯಲ್ಲಿ ಬದುಕಿದವು. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಕರ್ನಾಟಕದ ನೆಲವನ್ನು ಮೊದಲು ಮುಟ್ಟುವುದು ಇಲ್ಲಿಯೇ. ವೇದಗಂಗೆ ಭೋಜದ ಬಳಿ ದೂಧಗಂಗೆಯನ್ನು ಸೇರುತ್ತದೆ, ದೂಧಗಂಗೆ ಯಡೂರಿನ ಆಸುಪಾಸಿನಲ್ಲಿ ಕೃಷ್ಣೆಯನ್ನು ಸೇರುತ್ತದೆ. 1872ರಲ್ಲಿ ಹುಟ್ಟಿ ಭೋಜದಲ್ಲಿ ಬೆಳೆದ ಸಾತಗೌಡ, ಮುಂದೆ ಆಚಾರ್ಯ ಶಾಂತಿಸಾಗರರೆಂದು ಪ್ರಖ್ಯಾತರಾದವರು, ತಾರುಣ್ಯದಲ್ಲಿ ಮುನಿಗಳನ್ನು ಹೆಗಲ ಮೇಲೆ ಹೊತ್ತು ನದಿ ದಾಟಿಸುತ್ತಿದ್ದರೆಂದು ಜೈನ ಬಂಧುಗಳು ಇಂದಿಗೂ ಹೇಳುತ್ತಾರೆ. ಸೇತುವೆಗಳಿಲ್ಲದ ಕಾಲದಲ್ಲಿ ನೀರನ್ನು ಬಲ್ಲವನು ಊರಿಗೇ ಒಂದು ಆಸ್ತಿ.

ಆದರೆ ನದಿಯ ಊರಿನವರು ಈಸು ಕಲಿತದ್ದು ನದಿಯಲ್ಲಲ್ಲ, ಬಾವಿಯಲ್ಲಿ. ನದಿಗೆ ಸೆಳವು ಉಂಟು, ಸುಳಿ ಉಂಟು, ಕಾಣದ ಮಡುಗಳುಂಟು. ಬಾವಿಯ ನೀರು ನಿಂತ ನೀರು. ಎತ್ತುಗಳಿಂದ ನೀರೆತ್ತುತ್ತಿದ್ದ ದೊಡ್ಡ ಕಲ್ಲುಬಾವಿಗಳಿಗೆ ತಳದವರೆಗೆ ಮೆಟ್ಟಿಲುಗಳಿದ್ದವು. ಚೈತ್ರದ ಬಿಸಿಲು ಏರಿತೆಂದರೆ ಅದೇ ನಮ್ಮ ಶಾಲೆ. ನನ್ನ ಕಾಕಾ ಒಣಗಿದ ಸೋರೆಬುರುಡೆಗಳೆರಡನ್ನು ನನ್ನ ಬೆನ್ನಿಗೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಮೇಲಿನ ಮೆಟ್ಟಿಲಿನಿಂದ ದಬ್ಬಿಬಿಟ್ಟರು. ಎಂಟನೆಯ ದಿನಕ್ಕೆ ಒಂದು ಬುರುಡೆ ಹೋಯಿತು, ಹದಿನೈದನೆಯ ದಿನಕ್ಕೆ ಇನ್ನೊಂದು. ಹಗ್ಗ ಮಾತ್ರ ಆ ಬೇಸಿಗೆಯುದ್ದಕ್ಕೂ ಕಾಕಾ ಅವರ ಕೈಯಲ್ಲೇ ಇತ್ತು. ಈಸುವುದರ ಜೊತೆಗೆ ಅವರು ಕಲಿಸಿದ್ದು ಮತ್ತೊಂದು ಪಾಠ: ಮುಳುಗುವವನ ಎದುರಿಗೆ ಹೋಗಬಾರದು, ಅವನು ನಿನ್ನನ್ನೂ ಅಪ್ಪಿಕೊಂಡು ಒಯ್ಯುತ್ತಾನೆ, ಮೊದಲು ದಂಡೆಯಿಂದ ಧೋತರವನ್ನೋ ರುಮಾಲನ್ನೋ ಎಸೆ, ಇಳಿಯಲೇಬೇಕಾದರೆ ಹಿಂದಿನಿಂದ ಹೋಗಿ ಕೂದಲು ಹಿಡಿ. ನದಿ ದಾಟುವಾಗ ನೇರವಾಗಿ ಈಸದೆ, ಸೆಳವಿನ ಜೊತೆ ಓರೆಯಾಗಿ ಸಾಗು. ಈಗಿನ ಜೀವರಕ್ಷಣೆಯ ತರಬೇತಿಯಲ್ಲಿ ಹೇಳುವುದೂ ಬಹುಮಟ್ಟಿಗೆ ಇದನ್ನೇ.

ಈ ಶಾಲೆಗೆ ಒಂದು ಬಾಗಿಲಿತ್ತು, ಅದು ಎಲ್ಲರಿಗೂ ತೆರೆದಿರಲಿಲ್ಲ. ನೀರು ಮುಟ್ಟಲು ಬಿಡದ ಮಗುವಿಗೆ ಈಸು ಬರುವುದು ಹೇಗೆ? ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಶಾಹೂ ಮಹಾರಾಜರು 1919ರಲ್ಲಿಯೇ ಸಾರ್ವಜನಿಕ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯುವಂತೆ ಆಜ್ಞಾಪಿಸಿದ್ದರು. ಚಿಕ್ಕೋಡಿ, ಅಥಣಿಗಳಿದ್ದ ಮುಂಬಯಿ ಪ್ರಾಂತದ ಶಾಸನಸಭೆ 1923ರಲ್ಲಿ ಬೋಲೆಯವರ ಠರಾವನ್ನು ಅಂಗೀಕರಿಸಿತು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಪರಿಷತ್ತು ಸೇರಿತು, ಬಾಬಾಸಾಹೇಬ ಅಂಬೇಡ್ಕರರು ಬಂದರು. ಎರಡು ವರ್ಷಗಳ ತರುವಾಯ, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಯ ನೀರನ್ನು ಅವರು ಬೊಗಸೆಯಲ್ಲಿ ಎತ್ತಿ ಕುಡಿದದ್ದನ್ನು ನಾವೆಲ್ಲ ಬಲ್ಲೆವು. ಆದರೆ ಠರಾವು ಹೇಳಿದ್ದು ಸಾರ್ವಜನಿಕ ನೀರಿನ ಮಾತು. ನಾವು ಈಸು ಕಲಿತ ಬಾವಿಗಳು ಹೊಲದ ಒಡೆಯರವು. ನಾನು ಬುರುಡೆ ಕಟ್ಟಿಕೊಂಡು ನೀರಿಗೆ ಬಿದ್ದಾಗ ದಲಿತ ಕೇರಿಯ ನನ್ನ ಸಹಪಾಠಿ ದೂರದ ಬೇವಿನ ಮರದಡಿ ನಿಂತು ನೋಡುತ್ತಿದ್ದ. ಅದು 1970ರ ಈಚೆಯ ಮಾತು. ಅಂದು ನನಗೆ ಅದು ವಿಚಿತ್ರವೆನಿಸಲೇ ಇಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ಹೆಣ್ಣುಮಕ್ಕಳು. ದಿನವೂ ನದಿಗೆ ಹೋಗುತ್ತಿದ್ದವರು ಅವರು: ಬಟ್ಟೆ ಒಗೆಯಲು, ನೀರು ತರಲು. ಈಸು ಬಾರದವರೂ ಅವರೇ. ನಮ್ಮ ಓಣಿಯ ಸೊಸೆಯೊಬ್ಬಳು ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಹೋದಳು. ದಂಡೆಯಿಂದ ಮೂರು ಮಾರು ದೂರವೂ ಇರಲಿಲ್ಲ. ಜೊತೆಗಿದ್ದ ಐದಾರು ಮಂದಿ ಹೆಂಗಸರು ಕೂಗಿಕೊಂಡರು. ಕೈಯಲ್ಲಿ ಒದ್ದೆ ಸೀರೆಗಳಿದ್ದವು. ಸೀರೆ ಎಸೆಯಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

1972ರ ಬರಗಾಲದಲ್ಲಿ ನಮ್ಮ ಬಾವಿಗಳು ತಳ ಕಂಡವು. ಆಮೇಲೆ ಕೊಳವೆಬಾವಿಗಳು ಬಂದವು, ಮೆಟ್ಟಿಲ ಬಾವಿಗಳಲ್ಲಿ ಹೂಳು ತುಂಬಿತು. ಶಾಲೆ ಮುಚ್ಚಿತು, ಅಪಾಯ ಮಾತ್ರ ಹೆಚ್ಚಿತು. ಹಿಡಕಲ್ಲಿನ ಕಾಲುವೆಯ ಇಳಿಜಾರು ಗೋಡೆಯಲ್ಲಿ ಬಿದ್ದವನಿಗೆ ಹಿಡಿಯಲು ಆಸರೆಯಿಲ್ಲ. ಮರಳು ತೆಗೆದ ನದೀಪಾತ್ರದಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ. 2014ರಲ್ಲಿ 'ಕೃಷಿ ಭಾಗ್ಯ' ಯೋಜನೆ ಆರಂಭವಾದ ಮೇಲೆ ರಾಜ್ಯದಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಬೆಳೆಗೆ ಅವು ಜೀವದಾಯಿ, ಸಂದೇಹವಿಲ್ಲ. ಆದರೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಈಸು ಬಲ್ಲ ಹುಡುಗನೂ ಮೇಲೆ ಹತ್ತಲಾರ. ನಮ್ಮ ಪೂರ್ವಜರು ಬಾವಿಗೆ ಮೆಟ್ಟಿಲಿಟ್ಟರು. ನಾವು ಹೊಂಡಕ್ಕೆ ಒಂದು ಗಂಟುಹಗ್ಗವನ್ನೂ ಇಳಿಬಿಡಲಿಲ್ಲ. 2005, 2019, 2021ರ ಮಹಾಪೂರಗಳಲ್ಲಿ ನದಿಯೇ ಮನೆಯೊಳಗೆ ಬಂದಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಇದರ ತಡೆಗಾಗಿ ಮೀಸಲಿಟ್ಟಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೆರೆಯೊಳಗೆ ಬಿದಿರಿನ ಅಟ್ಟಣೆ ಕಟ್ಟಿ, ಹುಡುಗಿಯರಿಗೂ ಹುಡುಗರಿಗೂ ಈಸು ಕಲಿಸುತ್ತಾರೆ. ದಂಡೆಯಿಂದಲೇ ಇನ್ನೊಬ್ಬರನ್ನು ಎಳೆದುಕೊಳ್ಳುವ ಬಗೆಯೂ ಆ ಪಾಠದಲ್ಲಿದೆ. ಸಂಗಮರವರಿ ಕಲ್ಲಿನ ಕೊಳವೇ ಬೇಕೆಂದು ಅವರು ಕಾಯಲಿಲ್ಲ.

ನನ್ನ ಅಕ್ಕನ ಮನೆ ನದಿಗೆ ಹತ್ತಿರ. ಅವರ ಬಾವಿಯಲ್ಲಿ ಇನ್ನೂ ನೀರಿದೆ. ಹೋದ ಬೇಸಿಗೆ ಅವಳ ಮಗ ತನ್ನ ಮಗಳ ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಡಬ್ಬಿ ಕಟ್ಟಿ ನೀರಿಗಿಳಿಸಿದ. ಕೂಲಿಯವರ ಮಕ್ಕಳಿಬ್ಬರೂ ಜೊತೆಗಿದ್ದರು. ನಾನು ಹೋದಾಗ ಅಕ್ಕ ಮೇಲಿನ ಮೆಟ್ಟಿಲಿನಲ್ಲಿ ಹಗ್ಗ ಹಿಡಿದು ಕುಳಿತು, "ಮೊಣಕಾಲ ಮಡಚಬ್ಯಾಡ, ಕಾಲ ಬಡಿ" ಎಂದು ಕೂಗುತ್ತಿದ್ದಳು. ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದೆ. "ಕಾಕಾ ನಿನಗ ಕಲಸೂ ಮುಂದ ನಾ ದಿನಾ ಮ್ಯಾಲ ನಿಂತ ನೋಡತಿದ್ನಲ್ಲೋ" ಎಂದಳು.